ರಂದಾ ಬ್ಲೇಡಿಗೊಂದು ಪೆಟ್ಟಿಗೆ

ಕಟ್ಟಿಗೆ ಹೆರೆದು ನಯ ಮಾಡುವ ರಂದಾದ ನನ್ನ ಐದು ಬ್ಲೇಡುಗಳು ಬಿಸ್ಕೆಟ್ ಡಬ್ಬಿಯಲ್ಲಿ ಒಂದಕ್ಕೊಂದು ತಾಗಿ ಹರಿತವಾದ ಬಾಯಿ ಮುರಿದುಕೊಳ್ಳುತ್ತಿದ್ದವು. ಹಿತ್ತಲಲ್ಲಿ ಬಿದ್ದಿದ್ದ ಜಾಲಿ ಕಟ್ಟಿಗೆ ಕೊಯ್ದು ಪೆಟ್ಟಿಗೆ ಮಾಡಿದೆ. ತಪ್ಪಾಯ್ತು. ಅದಿನ್ನೂ ಹಸಿ ಇತ್ತು. ಒಣಗುತ್ತ ಬಂದಂತೆ ಗಾಡಿ (ಬ್ಲೇಡು ಕೂರಿಸಲು ಕೊರೆದ ಸೀಳು) ಸೊಟ್ಟಗಾಗಿ ಬ್ಲೇಡು ಸಿಕ್ಕಿಬಿದ್ದವು, ಎಳೆದು ತೆಗೆದರೆ ಮೈತುಂಬ ಕಪ್ಪು ಕಲೆ. ಜಾಲಿಯ ಒಗರು ನೀರು ಕಬ್ಬಿಣಕ್ಕೆ ಸೋಕಿದರೆ ಶಾಯಿಯಂತಾಗುತ್ತದೆ. ನಮ್ಮ ಕಲಬುರಗಿ ಬಿಸಿಲಿಗೆ ಕಟ್ಟಿಗೆ ತಾನೇ ಒಣಗಿರುತ್ತದೆಂದು ನಂಬಿದ್ದು ನನ್ನ ಮೂರ್ಖತನ.

ಎರಡನೇ ಸಲ ಹಳೇ ಬಾಗಿಲ ಚೌಕಟ್ಟಿನ ಸಾಗುವಾನಿ ತಗೊಂಡೆ. ಬ್ಲೇಡು 3 ಮಿ.ಮೀ. ದಪ್ಪ, ಗಾಡಿ 4 ಮಿ.ಮೀ. ಇಟ್ಟೆ. ಆದರೆ ತಳಕ್ಕೆ ಬಾಯಿ ತಾಗುವುದನ್ನು ತಪ್ಪಿಸುವುದು ಹೇಗೆ? ಮೊದಲು ತಳಕ್ಕೆ ಬಟ್ಟೆ ಹಾಸಿದೆ, ಅದು ತೇವ ಹಿಡಿದು ತುಕ್ಕು ತಂದಿತು. ಪಕ್ಕದ ಮನೆಯ ಬಡಿಗೇರ ಕಾಕಾ ನೋಡಿ, "ನಡುವ ಕಂಡಿ ಅದಲ್ಲೋ, ಅದಕ್ಕ ತೂಗಹಾಕು" ಅಂದರು.

ಬ್ಲೇಡಿನ ಮೇಲೆ ಕೂರುವ ಕಬ್ಬಿಣದ ಪಟ್ಟಿಯನ್ನು ಬಿಗಿಯುವ ಕ್ಯಾಪ್ ಸ್ಕ್ರೂಗೆಂದು ಬ್ಲೇಡಿನ ನಡುವೆ ಇರುವ ಉದ್ದ ಕಂಡಿ! ಅದರೊಳಗೆ ಅಡ್ಡಲಾಗಿ ಒಂದು ಬಿದಿರು ಕಡ್ಡಿ ತೂರಿಸಿದೆ. ಈಗ ಐದೂ ಅದರ ಮೇಲೆ ಜೋತಾಡುತ್ತವೆ, ಬಾಯಿಗೂ ತಳಕ್ಕೂ ನಡುವೆ ಅರ್ಧ ಇಂಚು ಖಾಲಿ. ಒಳಗಿಡುವ ಮೊದಲು ಹೊಲಿಗೆ ಮಷೀನ್ ಎಣ್ಣೆ ಒಂದು ಸಲ ಸವರುತ್ತೇನೆ. ಮುಚ್ಚಳದ ಕೀಲು ಮಾತ್ರ ಇನ್ನೂ ಕಿರುಗುಟ್ಟುತ್ತದೆ.