ಒಳಲೆ ಹಿಡಿದ ಹನ್ನೆರಡು ದಿನ

ನನ್ನ ಮಗಳು ಹುಟ್ಟಿದ್ದು ಆಟಿ ತಿಂಗಳ ಜಡಿಮಳೆಯಲ್ಲಿ, ಕಾಸರಗೋಡಿನ ಆಸ್ಪತ್ರೆಯೊಂದರಲ್ಲಿ, ಎಣಿಸಿದ ದಿನಕ್ಕಿಂತ ನಾಲ್ಕು ವಾರ ಮೊದಲು. ತೂಕ 2 ಕಿಲೋ 100 ಗ್ರಾಂ. ಎರಡೂವರೆ ಕಿಲೋ ಇಲ್ಲದಿದ್ದರೆ ಕಡಿಮೆ ತೂಕದ ಶಿಶುವೆಂದೇ ಲೆಕ್ಕ. ಸಿಸೇರಿಯನ್ ಆದ ಹೆಂಡತಿಯನ್ನು ಇನ್ನೂ ವಾರ್ಡಿಗೆ ತಂದಿರಲಿಲ್ಲ. ನರ್ಸ್ ಬಂದು ಮಲಯಾಳದಲ್ಲಿ ಅಂಗಿ ಬಿಚ್ಚಿ ಕುಳಿತುಕೊಳ್ಳುವಂತೆ ಹೇಳಿದಾಗ, ಆ ಮಾತು ಬೇರೆ ಯಾರಿಗೋ ಇರಬೇಕೆಂದು ನಾನು ಹಿಂದೆ ತಿರುಗಿ ನೋಡಿದೆ.

ಟೊಪ್ಪಿ, ಕಾಲುಚೀಲ, ಚಡ್ಡಿಬಟ್ಟೆ ಇವಿಷ್ಟನ್ನು ಬಿಟ್ಟು ಬರಿಮೈಯಲ್ಲಿದ್ದ ಮಗುವನ್ನು ನನ್ನ ಎದೆಯ ಮೇಲೆ ನೆಟ್ಟಗೆ ಇರಿಸಿ, ಕೈಕಾಲುಗಳನ್ನು ಕಪ್ಪೆಯ ಹಾಗೆ ಮಡಚಿ, ಉಸಿರಾಟಕ್ಕೆ ಅಡ್ಡಿಯಾಗದಂತೆ ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿ, ನನ್ನದೇ ಬೈರಾಸಿನಿಂದ ಸುತ್ತಿ ಕಟ್ಟಿದರು. ಕಾಂಗರೂ ಆರೈಕೆಯೆಂದು ಕರೆಯುವ ಈ ಕ್ರಮ 1970ರ ದಶಕದ ಕೊನೆಗೆ ಕೊಲಂಬಿಯಾದ ಬೊಗೋಟಾದಲ್ಲಿ, ಇನ್‌ಕ್ಯುಬೇಟರುಗಳು ಸಾಲದೆ ಹೋದಾಗ ಆರಂಭವಾದದ್ದಂತೆ. ಒಮ್ಮೆ ಕುಳಿತರೆ ಕನಿಷ್ಠ ಒಂದು ಗಂಟೆ ಏಳಬಾರದೆಂದು ಹೇಳಿದ್ದರು. ನಿಜ ಹೇಳಬೇಕೆಂದರೆ ಆ ಮೊದಲ ಗಂಟೆಯಲ್ಲಿ ನನಗೆ ಮಮತೆಯೇನೂ ಉಕ್ಕಲಿಲ್ಲ. ಉಸಿರು ನಿಂತೀತೋ ಎಂಬ ಭಯದಲ್ಲಿ ಅದರ ಬೆನ್ನನ್ನೇ ನೋಡುತ್ತಿದ್ದೆ.

ನಂಟು ಬೆಳೆದದ್ದು ಹಾಲು ಕುಡಿಸುವ ಕೆಲಸದಲ್ಲಿ. ಮೊಲೆ ಚೀಪುವಷ್ಟು ಶಕ್ತಿ ಮಗುವಿಗಿರಲಿಲ್ಲವಾದ್ದರಿಂದ ಹೆಂಡತಿ ಹಾಲನ್ನು ಹಿಂಡಿ ಬಟ್ಟಲಿಗೆ ಇಳಿಸಬೇಕಿತ್ತು, ನಾನು ಕುಡಿಸಬೇಕಿತ್ತು. ಅತ್ತೆ ತಮ್ಮ ಮನೆಯ ಹಳೆಯ ಡಬ್ಬಿಯಿಂದ ಹಿತ್ತಾಳೆಯ ಒಳಲೆಯೊಂದನ್ನು, ಅಂದರೆ ಎಳೆಮಗುವಿಗೆ ಹಾಲು ಕುಡಿಸುವ ಮೂತಿಯಿರುವ ಪುಟ್ಟ ಬಟ್ಟಲನ್ನು, ತಂದರು. ನರ್ಸ್ ಅದನ್ನು ತಿರುಗಿಸಿ ನೋಡಿ, ಸ್ಟೀಲಿನದ್ದಾದರೆ ಒಳ್ಳೆಯದೆಂದು ಬೇರೆಯದನ್ನು ಕೊಟ್ಟರು. ಜೇನಿನಲ್ಲಿ ಚಿನ್ನ ತೇಯ್ದು ನೆಕ್ಕಿಸುವ ಶಾಸ್ತ್ರಕ್ಕೂ ಅಡ್ಡಿ ಬಂತು, ಒಂದು ವರ್ಷ ತುಂಬುವವರೆಗೆ ಜೇನು ಕೊಡುವಂತಿಲ್ಲ. ಅತ್ತೆಗೆ ಬೇಸರವಾಯಿತು, ಆದರೆ ಕುಡಿಸುವ ಹದವನ್ನು ನನಗೆ ಕಲಿಸಿದವರು ಅವರೇ.

ಮೂರನೆಯ ದಿನದ ಹೊತ್ತಿಗೆ ಎರಡು ಗಂಟೆಗೊಮ್ಮೆ 20 ಮಿಲಿಲೀಟರ್. ಮಗುವನ್ನು ತೊಡೆಯ ಮೇಲೆ ಅರೆಕುಳಿತ ಭಂಗಿಯಲ್ಲಿ ಹಿಡಿದು, ಒಳಲೆಯ ಮೂತಿಯನ್ನು ಕೆಳದುಟಿಯ ಅಂಚಿಗೆ ತಾಗಿಸಿ ಕಾಯಬೇಕು. ನಾಲಿಗೆ ಹೊರಬಂದು ರುಚಿ ನೋಡಿದ ಮೇಲೆ ತುಸು ಬಾಗಿಸಬೇಕು. ಗುಟುಕು ಇಳಿದ ಮೇಲಷ್ಟೇ ಮತ್ತೆ. ಒಂದು ರಾತ್ರಿ ನಿದ್ದೆಗಣ್ಣಿನಲ್ಲಿ ಅವಸರಪಟ್ಟು ಸುರಿದುಬಿಟ್ಟೆ. ಕೆಮ್ಮು ಬಂದು ಹಾಲು ಮೂಗಿನಿಂದ ಹೊರಬಂತು, ಮುಖ ಕೆಂಪಾಯಿತು. "ಸುರಿಯಬೇಡಿ, ಅದೇ ಎಳೆದುಕೊಳ್ಳಲಿ" ಎಂದು ಅತ್ತೆ ಮೆತ್ತಗೆ ಹೇಳಿದರು. ಅಂದಿನಿಂದ ನಾನು ಗಡಿಯಾರ ನೋಡುವುದನ್ನು ಬಿಟ್ಟು ಗಂಟಲನ್ನೇ ನೋಡತೊಡಗಿದೆ. ಹುಟ್ಟಿದ ಮಗುವಿಗೆ ಸರಿಯಾಗಿ ಕಾಣುವುದು 20ರಿಂದ 30 ಸೆಂಟಿಮೀಟರ್ ದೂರದವರೆಗೆ ಮಾತ್ರ. ಹಾಲು ಕುಡಿಸುವವರ ಮುಖ ಇರುವುದೂ ಅಷ್ಟೇ ದೂರದಲ್ಲಿ. ಐದನೆಯ ದಿನ ಅವಳು ಅರ್ಧದಲ್ಲಿ ನುಂಗುವುದನ್ನು ನಿಲ್ಲಿಸಿ, ಹುಬ್ಬು ಗಂಟಿಕ್ಕಿ, ನನ್ನನ್ನು ಬಹಳ ಹೊತ್ತು ನೋಡಿದಳು.

ಈ ಸಂಭ್ರಮದಲ್ಲಿ ನಾನು ಗಮನಿಸದೆ ಹೋದದ್ದು ಹೆಂಡತಿಯ ಮುಖವನ್ನು. "ಇವಳಿಗೆ ನಿಮ್ಮ ಎದೆ ಗೊತ್ತು, ನಾನು ಹಾಲು ಹಿಂಡಿ ಕೊಡುವವಳು ಮಾತ್ರ" ಎಂದು ಅವಳು ಗೋಡೆಯ ಕಡೆ ತಿರುಗಿ ಅತ್ತಾಗ ನಾಚಿಕೆಯಾಯಿತು. ಹೊಲಿಗೆಯ ನೋವೆಂದು ಮಗುವನ್ನು ಅವಳ ಬಳಿ ಮಲಗಿಸಲು ಹಿಂಜರಿದದ್ದು ನಮ್ಮದೇ ತಪ್ಪು. ಆಮೇಲೆ ಪ್ರತಿ ಸಲ ಹಾಲು ಹಿಂಡುವ ಮೊದಲು ಅರ್ಧ ಗಂಟೆ ಮಗು ಅವಳ ಎದೆಯ ಮೇಲೆಯೇ ಇರುವಂತೆ ಮಾಡಿದೆವು. ಹಾಲನ್ನು ಇಳಿಸುವ ಆಕ್ಸಿಟೋಸಿನ್ ಮಗುವಿನ ಸ್ಪರ್ಶದಿಂದ, ವಾಸನೆಯಿಂದ, ಅಳುವಿನಿಂದಲೂ ಸ್ರವಿಸುತ್ತದೆ. ಬಟ್ಟಲಿನ ತಳ ಮುಚ್ಚಲು ಹೆಣಗುತ್ತಿದ್ದವಳಿಗೆ ಎರಡು ದಿನಗಳಲ್ಲಿ ರವಿಕೆ ಒದ್ದೆಯಾಗತೊಡಗಿತು.

ನಾಲ್ಕನೆಯ ದಿನ 1 ಕಿಲೋ 960 ಗ್ರಾಮಿಗೆ ಇಳಿದಿದ್ದ ತೂಕ ಹನ್ನೆರಡನೆಯ ದಿನಕ್ಕೆ ಹುಟ್ಟಿದಾಗಿನಷ್ಟೇ ಆಯಿತು. ಅದೇ ಸಂಜೆ ಹೊಲಿಗೆಗೆ ಭಾರ ಬೀಳದಂತೆ ಮಗುವನ್ನು ಕಂಕುಳಡಿ ಹಿಡಿದು, ಕಾಲುಗಳನ್ನು ಬೆನ್ನಿನ ಕಡೆಗೆ ಚಾಚಿಸಿ ಕುಳಿತಿದ್ದಾಗ, ಮಗು ಬಾಯಿ ಅಗಲಿಸಿ ಮೊಲೆತೊಟ್ಟಿನ ಸುತ್ತಲಿನ ಕಪ್ಪು ಭಾಗವನ್ನೂ ಸೇರಿಸಿ ಕಚ್ಚಿಕೊಂಡಿತು. ಗುಟುಕಿನ ಸದ್ದು ನನಗೂ ಕೇಳಿಸಿತು. ಅತ್ತೆ ಒಳಲೆಯನ್ನು ಹತ್ತು ನಿಮಿಷ ಕುದಿಸಿ ಒರಸಿ, ತಮ್ಮ ಹಿತ್ತಾಳೆಯದರ ಜೊತೆಗೆ ಡಬ್ಬಿಗೆ ಹಾಕಿದರು.