ಝುಬೈರ್ ಬಿನ್ ಅವ್ವಾಮ್(ರ) ಅವರ ಮನೆತನ: ಸಾಲದ ಲೆಕ್ಕ ಹಿಡಿದು ವಂಶಪಟ ಕಟ್ಟಿದ ಬಗೆ

ಸಹಾಬಿಗಳ, ಅಂದರೆ ಪ್ರವಾದಿ ಮುಹಮ್ಮದ್(ಸ)ರ ಸಂಗಡಿಗರ, ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಯುದ್ಧದಿಂದ ಯುದ್ಧಕ್ಕೆ ಹೆಜ್ಜೆ ಹಾಕುತ್ತಾರೆ: ಬದ್ರ್, ಉಹುದ್, ಖಂದಕ್, ಯರ್ಮೂಕ್, ಜಮಲ್. ಝುಬೈರ್(ರ) ಅವರ ಬದುಕನ್ನು ಆ ದಾರಿಯಲ್ಲಿ ಬರೆಯದೆ, ಅವರ ಮಕ್ಕಳ ತಾಯಂದಿರ ಸಾಲಿನಿಂದ ಮತ್ತು ಅವರು ಬಿಟ್ಟುಹೋದ ಸಾಲದ ಲೆಕ್ಕದಿಂದ ಕಟ್ಟುವುದು ನನ್ನ ಯೋಜನೆಯಾಗಿತ್ತು. ಈ ಕೆಲಸ ಗೊತ್ತಿದ್ದವರೇ ತಲೆಯಾಡಿಸಿದರು. ಆ ಸಾಲ ಮತ್ತು ಆಸ್ತಿಯ ಬಗ್ಗೆ ಬುಖಾರಿ ಹದೀಸ್ ಸಂಗ್ರಹದಲ್ಲಿರುವ ವರದಿಯ ಮೊತ್ತ ಕೂಡುವುದೇ ಇಲ್ಲ, ಕೂಡದ ಲೆಕ್ಕದ ಮೇಲೆ ವಂಶಪಟ ನಿಲ್ಲಿಸಬೇಡ ಎಂದರು. ಈಗ ಪಟ ಅಚ್ಚಾಗಿದೆ, ಲೆಕ್ಕ ಕೊನೆಯ ಸೊನ್ನೆಯವರೆಗೂ ಕೂಡಿದೆ. ಅದಕ್ಕೇ ಬರೆಯುತ್ತಿದ್ದೇನೆ. ಮುಂದೆ ಪ್ರತಿ ಹೆಸರಿಗೂ (ರ) ಎಂಬ ಹಾರೈಕೆಯ ಗುರುತು ಹಾಕಿಲ್ಲ, ಓದುವಾಗ ಸೇರಿಸಿಕೊಳ್ಳಿ.

ಮೊದಲ ವೈಫಲ್ಯ ನಂಟಿನ ಪದಗಳದ್ದು. ಇಂಗ್ಲಿಷ್ ಅನುವಾದ ಮುಂದಿಟ್ಟುಕೊಂಡು ಕೆಲಸ ಶುರುಮಾಡಿದರೆ ಎಲ್ಲರೂ ‘ಆಂಟಿ’, ಎಲ್ಲರೂ ‘ಕಸಿನ್’. ಮೂಲ ಅರಬಿಯಲ್ಲಿ ‘ಅಮ್ಮ’ (ತಂದೆಯ ಸಹೋದರಿ) ಬೇರೆ, ‘ಖಾಲ’ (ತಾಯಿಯ ಸಹೋದರಿ) ಬೇರೆ. ಕನ್ನಡದಲ್ಲೂ ಸೋದರತ್ತೆ ಬೇರೆ, ಚಿಕ್ಕಮ್ಮ ಬೇರೆ. ಆದ್ದರಿಂದ ಅರಬಿಯಿಂದ ನೇರ ಕನ್ನಡಕ್ಕೆ ಬನ್ನಿ, ನಡುವೆ ಇನ್ನೊಂದು ಭಾಷೆ ಬೇಡ. ಹಾಗೆ ಮಾಡಿದ ತಕ್ಷಣ ಪಟದ ನಡುಭಾಗ ತಾನಾಗಿ ಕುಳಿತುಕೊಂಡಿತು. ಝುಬೈರ್‌ರ ತಾಯಿ ಸಫಿಯ್ಯಾ ಬಿಂತಿ ಅಬ್ದುಲ್ ಮುತ್ತಲಿಬ್ ಪ್ರವಾದಿ(ಸ)ಯವರ ಸೋದರತ್ತೆ. ಝುಬೈರ್‌ರ ತಂದೆ ಅವ್ವಾಮ್ ಮತ್ತು ಖದೀಜಾ ಒಂದೇ ತಂದೆ ಖುವೈಲಿದ್‌ರ ಮಕ್ಕಳು. ಅಂದರೆ ಖದೀಜಾ ಝುಬೈರ್‌ರ ಸೋದರತ್ತೆ. ಝುಬೈರ್ ಕೈಹಿಡಿದದ್ದು ಅಬೂಬಕರ್‌ರ ಮಗಳು ಅಸ್ಮಾರನ್ನು, ಅಸ್ಮಾರ ಮಲಸಹೋದರಿ ಆಯಿಶಾ. ಹೀಗಾಗಿ ಪ್ರವಾದಿ(ಸ)ಯವರು ಝುಬೈರ್‌ರಿಗೆ ಸೋದರಮಾವನ ಮಗ, ಸೋದರತ್ತೆಯ ಗಂಡ ಮತ್ತು ಷಡ್ಡಕ, ಮೂರೂ ಹೌದು. ಹಂಝಾ ಸಫಿಯ್ಯಾರ ಒಡಹುಟ್ಟಿದ ಸಹೋದರ, ಇಬ್ಬರ ತಾಯಿಯೂ ಹಾಲಾ ಬಿಂತಿ ವುಹೈಬ್. ಹಾಗಾಗಿ ಅವರು ಝುಬೈರ್‌ರ ಸ್ವಂತ ಸೋದರಮಾವ. ‘ಷಡ್ಡಕ’ ಅನ್ನುವ ಒಂದು ಪದ ಉಳಿಸಿಕೊಟ್ಟ ಜಾಗ ಪಟದಲ್ಲಿ ಒಂದಂಗುಲಕ್ಕೂ ಹೆಚ್ಚು.

ಹೆಸರುಗಳನ್ನು ಬೇರ್ಪಡಿಸುವಾಗ ಮೂರು ಕಡೆ ಕಾಲು ಜಾರುತ್ತದೆ. ಪ್ರವಾದಿ(ಸ)ಯವರ ಚಿಕ್ಕಪ್ಪ-ದೊಡ್ಡಪ್ಪಂದಿರಲ್ಲೂ ಒಬ್ಬ ಝುಬೈರ್ ಇದ್ದಾರೆ, ಝುಬೈರ್ ಬಿನ್ ಅಬ್ದುಲ್ ಮುತ್ತಲಿಬ್. ಅವರ ಮಗನ ಹೆಸರೂ ಅಬ್ದುಲ್ಲಾ, ಅವರೂ ಸಹಾಬಿ, ಅಜ್ನಾದೈನ್ ಯುದ್ಧದಲ್ಲಿ ಹುತಾತ್ಮರಾದವರು. ‘ಅಬ್ದುಲ್ಲಾ ಬಿನ್ ಝುಬೈರ್’ ಎಂದು ಕಂಡಲ್ಲೆಲ್ಲ ಅಜ್ಜನ ಹೆಸರು ನೋಡದೆ ಮುಂದೆ ಹೋಗಬೇಡಿ. ಎರಡನೆಯದು, ಸ್ವರಚಿಹ್ನೆ ಇಲ್ಲದ ಅರಬಿಯಲ್ಲಿ ಝುಬೈರ್ ಮತ್ತು ಝಬೀರ್ ಎರಡೂ ಒಂದೇ ಅಕ್ಷರ. ಅಬ್ದುರ್ರಹ್ಮಾನ್ ಬಿನ್ ಝಬೀರ್ ಖುರೈಝಾ ಕುಲದವರು. ನನ್ನ ಮೊದಲ ಪಟದಲ್ಲಿ ಅವರು ಝುಬೈರ್‌ರ ಹನ್ನೆರಡನೆಯ ಮಗನಾಗಿ ಕುಳಿತಿದ್ದರು. ಮೂರನೆಯದು ಇಬ್ಬರು ಖದೀಜಾರು: ಅಸ್ಮಾರ ಮಗಳು ಖದೀಜಾ ಕುಬ್ರಾ, ಹಲಾಲ್ ಬಿಂತಿ ಖೈಸ್‌ರ ಮಗಳು ಖದೀಜಾ ಸುಗ್ರಾ. ಒಬ್ಬರನ್ನು ಬಿಟ್ಟರೆ ಹೆಣ್ಣುಮಕ್ಕಳು ಎಂಟಾಗುತ್ತಾರೆ, ಆಮೇಲೆ ಆಸ್ತಿ ಲೆಕ್ಕ ಕೂಡುವುದಿಲ್ಲ.

ಮಕ್ಕಳನ್ನು ವಯಸ್ಸಿನ ಪ್ರಕಾರ ಸಾಲು ಹಚ್ಚಬೇಡಿ, ತಾಯಿಯ ಪ್ರಕಾರ ಹಚ್ಚಿ. ಹಳೆಯ ಚರಿತ್ರೆಕಾರ ಇಬ್ನ್ ಸಅದ್ ಕೊಡುವ ಪಟ್ಟಿಯೂ ಹಾಗೇ ಇದೆ. ಅಸ್ಮಾ: ಅಬ್ದುಲ್ಲಾ, ಉರ್ವಾ, ಮುಂಝಿರ್, ಆಸಿಮ್, ಮುಹಾಜಿರ್, ಖದೀಜಾ ಕುಬ್ರಾ, ಉಮ್ಮುಲ್ ಹಸನ್, ಆಯಿಶಾ. ಉಮ್ಮು ಖಾಲಿದ್: ಖಾಲಿದ್, ಅಮ್ರ್, ಹಬೀಬಾ, ಸೌದಾ, ಹಿಂದ್. ಕಲ್ಬ್ ಕುಲದ ರಬಾಬ್: ಮುಸ್ಅಬ್, ಹಂಝಾ, ರಮ್ಲಾ. ಝೈನಬ್: ಉಬೈದಾ, ಜಅಫರ್. ಉಮ್ಮು ಕುಲ್ಸೂಮ್ ಬಿಂತಿ ಉಖ್ಬಾ: ಮಗಳು ಝೈನಬ್. ಹಲಾಲ್: ಖದೀಜಾ ಸುಗ್ರಾ. ಗಂಡು 11, ಹೆಣ್ಣು 9. ಬುಖಾರಿಯಲ್ಲಿ ಝುಬೈರ್ ತೀರಿಹೋದ ದಿನಕ್ಕೆ 9 ಗಂಡು, 9 ಹೆಣ್ಣು. ಈ ಇಬ್ಬರು ಗಂಡುಮಕ್ಕಳ ವ್ಯತ್ಯಾಸ ಬಹಳ ಕಾಡಿತು.

ಅದನ್ನು ಬಿಡಿಸಿದ್ದು ಹೆಸರಿಡುವ ಪದ್ಧತಿ. ತಲ್ಹಾ (ಇನ್ನೊಬ್ಬ ಸಹಾಬಿ) ತಮ್ಮ ಮಕ್ಕಳಿಗೆ ಪ್ರವಾದಿಗಳ ಹೆಸರಿಡುತ್ತಾರೆ, ನಾನು ಹುತಾತ್ಮರ ಹೆಸರಿಡುತ್ತೇನೆ ಎಂದು ಝುಬೈರ್ ಹೇಳಿದ ವರದಿ ಇದೆ. ಹಾಗಾದರೆ ಹುತಾತ್ಮರು ತೀರಿದ ವರ್ಷವೇ ಮಗುವಿನ ಜನನದ ಕೆಳಮಿತಿ. ಉಬೈದಾ ಬಿನ್ ಹಾರಿಸ್ ಬದ್ರ್‌ನಲ್ಲಿ, ಹಿಜರಿ 2. ಹಂಝಾ ಮತ್ತು ಮುಸ್ಅಬ್ ಬಿನ್ ಉಮೈರ್ ಉಹುದ್‌ನಲ್ಲಿ, 3. ಮುಂಝಿರ್ ಬಿನ್ ಅಮ್ರ್ ಬಿಅರ್ ಮಊನಾದಲ್ಲಿ, 4. ಜಅಫರ್ ಮುಅತಾದಲ್ಲಿ, 8. ಉರ್ವಾ ಬಿನ್ ಮಸ್ಊದ್ 9ರಲ್ಲಿ. ಖಾಲಿದ್ ಬಿನ್ ಸಈದ್ ಮತ್ತು ಅವರ ಸಹೋದರ ಅಮ್ರ್ ಶಾಮ್ (ಸಿರಿಯಾ) ನಾಡಿನ ಯುದ್ಧಗಳಲ್ಲಿ, 13ರ ಆಸುಪಾಸು. ಮುಂದೆ ಹೇಳುವ ಅಬ್ದುಲ್ಲಾ ಬಿನ್ ಜಹ್ಶ್ ಸೇರಿ ಪಟ್ಟಿಯಲ್ಲಿ ಒಂಬತ್ತು ಹೆಸರು, ಬುಖಾರಿಯಲ್ಲಿ ಒಂಬತ್ತು ಗಂಡುಮಕ್ಕಳು. ಆಸಿಮ್ ಮತ್ತು ಮುಹಾಜಿರ್ ಇಬ್ಬರೂ ಈ ಒಂಬತ್ತರ ಹೊರಗೆ ಉಳಿಯುತ್ತಾರೆ. ತಂದೆಗಿಂತ ಮೊದಲೇ ತೀರಿದವರು ಅವರೇ ಇರಬೇಕೆಂದು ಪಟದಲ್ಲಿ ಚುಕ್ಕೆಗೆರೆಯಿಂದ ತೋರಿಸಿದ್ದೇನೆ.

ಕೆಳಮಿತಿ ಒಬ್ಬರಿಗೆ ಮಾತ್ರ ಹೊಂದುವುದಿಲ್ಲ. ಅಬ್ದುಲ್ಲಾ ಬಿನ್ ಜಹ್ಶ್ ಉಹುದ್‌ನಲ್ಲಿ ಹುತಾತ್ಮರಾದರು. ಝುಬೈರ್‌ರ ಅಬ್ದುಲ್ಲಾ ಹುಟ್ಟಿದ್ದು ಅದಕ್ಕೂ ಮೊದಲು, ಅಸ್ಮಾ ಮದೀನಕ್ಕೆ ಬಂದ ಹೊಸದರಲ್ಲಿ, ಕುಬಾದಲ್ಲಿ. ಮುಹಾಜಿರರಿಗೆ ಮದೀನದಲ್ಲಿ ಹುಟ್ಟಿದ ಮೊದಲ ಮಗು ಅದು. ಹಾಗಾಗಿ ಮೊದಲ ಮಗನಿಗೆ ಈ ಸೂತ್ರ ಹಚ್ಚಬೇಡಿ. ಖಾಲಿದ್, ಅಮ್ರ್ ಹೆಸರುಗಳಲ್ಲಿ ಇನ್ನೂ ಒಂದು ಎಳೆ ಇದೆ: ಉಮ್ಮು ಖಾಲಿದ್‌ರ ತಂದೆಯೇ ಆ ಖಾಲಿದ್ ಬಿನ್ ಸಈದ್. ಅಂದರೆ ಮೊಮ್ಮಗನಿಗೆ ತಾಯಿಯ ತಂದೆಯ ಹೆಸರು, ಅವನ ತಮ್ಮನಿಗೆ ಆ ಅಜ್ಜನ ಸಹೋದರನ ಹೆಸರು. ಅವರದ್ದು ಉಮಯ್ಯಾ ಮನೆತನ. ಮುಂದೆ ಅಮ್ರ್ ಬಿನ್ ಝುಬೈರ್ ತನ್ನ ಅಣ್ಣ ಅಬ್ದುಲ್ಲಾರ ವಿರುದ್ಧ ಅದೇ ಉಮಯ್ಯಾ ಮನೆತನದ ಖಲೀಫಾ ಯಝೀದ್‌ನ ಪಡೆಯೊಂದಿಗೆ ಮಕ್ಕಾಕ್ಕೆ ಬಂದದ್ದನ್ನು ಓದುವಾಗ ತಂದೆಯ ಸಾಲು ಏನನ್ನೂ ಹೇಳುವುದಿಲ್ಲ, ತಾಯಿಯ ಸಾಲು ಹೇಳುತ್ತದೆ. ತಾಯಂದಿರ ಸಾಲಿನ ವಿಧಾನವನ್ನು ಅನುಮಾನಿಸಿದವರಿಗೆ ನಾನು ತೋರಿಸುವುದು ಇದನ್ನೇ.

ಇನ್ನು ಹಣ. ವರದಿಯ ತಿರುಳು ಇಷ್ಟು. ತಾವು ಕೊಲ್ಲಲ್ಪಟ್ಟ ಜಮಲ್ ಯುದ್ಧದ ದಿನ, ಹಿಜರಿ 36ರಲ್ಲಿ, ಝುಬೈರ್ ಮಗ ಅಬ್ದುಲ್ಲಾರನ್ನು ಕರೆದು ಸಾಲ ತೀರಿಸಲು ಹೇಳಿದರು. ನಿನ್ನ ಕೈಲಾಗದಿದ್ದರೆ ನನ್ನ ಒಡೆಯನ ನೆರವು ಕೇಳು ಎಂದರು. ಒಡೆಯ ಯಾರು ಎಂದು ಮಗ ಕೇಳಿದಾಗ ಬಂದ ಉತ್ತರ: ಅಲ್ಲಾಹ್. ಜನ ಅಮಾನತ್ತಾಗಿ (ಕಾಪಿಡುವ ಠೇವಣಿಯಾಗಿ) ಇಡಲು ಹಣ ತಂದರೆ, ಕಳೆದುಹೋದೀತೆಂಬ ಭಯದಿಂದ ‘ಅಮಾನತ್ತಲ್ಲ, ಇದು ಸಾಲ’ ಎಂದೇ ತೆಗೆದುಕೊಳ್ಳುತ್ತಿದ್ದರು. ಕಳೆದರೂ ತಮ್ಮ ತಲೆಯ ಮೇಲಿರಲಿ ಎಂಬ ಕಾಳಜಿ ಅದು. ಅಧಿಕಾರ, ತೆರಿಗೆ ವಸೂಲಿ ಯಾವುದನ್ನೂ ಅವರು ವಹಿಸಿಕೊಂಡವರಲ್ಲ. ನಗದು ಒಂದು ದೀನಾರ್ ಇಲ್ಲ, ಒಂದು ದಿರ್ಹಮ್ ಇಲ್ಲ. ಇದ್ದದ್ದು ಗಾಬಾ ಸೇರಿದಂತೆ ಕೆಲವು ಜಮೀನುಗಳು, ಮದೀನದಲ್ಲಿ 11 ಮನೆ, ಬಸ್ರಾದಲ್ಲಿ 2, ಕೂಫಾದಲ್ಲಿ 1, ಈಜಿಪ್ಟ್‌ನಲ್ಲಿ 1. ಸಾಲ 22 ಲಕ್ಷ.

ಇಲ್ಲಿ ಮೊದಲ ಎಚ್ಚರಿಕೆ. ಮೂಲದಲ್ಲಿರುವುದು ‘ಅಲ್ಫ್ ಅಲ್ಫ್’, ಸಾವಿರ ಸಾವಿರ, ಅಂದರೆ 10 ಲಕ್ಷ. ಇದನ್ನು ಅವಸರದಲ್ಲಿ 1 ಲಕ್ಷ ಎಂದು ಬರೆದುಬಿಟ್ಟರೆ ಇಡೀ ಆಸ್ತಿ ಹತ್ತರಲ್ಲೊಂದಾಗುತ್ತದೆ. ನನ್ನ ಮೊದಲ ಕರಡು ಹಾಳಾದದ್ದು ಹೀಗೆ.

ಗಾಬಾ ಕೊಂಡದ್ದು 1,70,000ಕ್ಕೆ, ಅಬ್ದುಲ್ಲಾ ಮಾರಿದ್ದು 16 ಲಕ್ಷಕ್ಕೆ, ಒಂದು ಲಕ್ಷದ 16 ಪಾಲು ಮಾಡಿ. ಅಬ್ದುಲ್ಲಾ ಬಿನ್ ಜಅಫರ್‌ಗೆ 4 ಲಕ್ಷ ಬರಬೇಕಿತ್ತು, ಅದಕ್ಕೆ ನೆಲವನ್ನೇ ಕೊಟ್ಟರು. ಕೊನೆಗೆ ನಾಲ್ಕೂವರೆ ಪಾಲು ಉಳಿದಾಗ ಮುಂಝಿರ್ ಒಂದು, ಅಮ್ರ್ ಬಿನ್ ಉಸ್ಮಾನ್ ಒಂದು, ಇಬ್ನ್ ಝಮ್ಆ ಒಂದು, ಮಿಕ್ಕ ಒಂದೂವರೆಯನ್ನು 1,50,000ಕ್ಕೆ ಮುಆವಿಯಾ ತೆಗೆದುಕೊಂಡರು. 22 ಲಕ್ಷದ ಸಾಲಕ್ಕೆ 16 ಲಕ್ಷ ಸಾಲದು, ಉಳಿದ 6 ಲಕ್ಷ ಬೇರೆ ಜಮೀನು, ಮನೆಗಳಿಂದ ಬರಬೇಕು. ಆಮೇಲೂ ಅಬ್ದುಲ್ಲಾ ತಕ್ಷಣ ಪಾಲು ಹಂಚಲಿಲ್ಲ. ನಾಲ್ಕು ವರ್ಷ ಹಜ್ಜ್ ಸಮಯದಲ್ಲಿ, ಝುಬೈರ್‌ರಿಂದ ಬಾಕಿ ಇರುವವರು ಬನ್ನಿ ಎಂದು ಕೂಗಿಸಿ, ನಂತರವೇ ಹಂಚಿದರು.

ಪತ್ನಿಯರು ನಾಲ್ವರು, ಒಬ್ಬೊಬ್ಬರಿಗೆ 12 ಲಕ್ಷ. ಒಟ್ಟು ಆಸ್ತಿ 5 ಕೋಟಿ 2 ಲಕ್ಷ ಎಂದು ವರದಿ. ಪತ್ನಿಯರ ಪಾಲು ಎಂಟರಲ್ಲೊಂದು. 48 ಲಕ್ಷವನ್ನು ಎಂಟರಿಂದ ಗುಣಿಸಿದರೆ 3 ಕೋಟಿ 84 ಲಕ್ಷ. ಮೊದಲ ಸಲ ಇದಕ್ಕೆ ಸಾಲ ಮಾತ್ರ ಸೇರಿಸಿದೆ: 4 ಕೋಟಿ 6 ಲಕ್ಷ. ಸಾಲ ಕಳೆದು ಉಳಿದದ್ದರಲ್ಲಿ ವಸಿಯ್ಯತ್ತಿಗೆ (ಉಯಿಲಿಗೆ) ಹೋದ ಮೂರನೇ ಒಂದು ಭಾಗ ಬಿಟ್ಟುಹೋಗಿತ್ತು. ಅದನ್ನೂ ಸೇರಿಸಿದರೆ 5 ಕೋಟಿ 76 ಲಕ್ಷ, ಸಾಲದೊಂದಿಗೆ 5 ಕೋಟಿ 98 ಲಕ್ಷ. ಈಗ 96 ಲಕ್ಷ ಹೆಚ್ಚು. ಹಳೆಯ ವ್ಯಾಖ್ಯಾನಕಾರರಿಗೂ ಈ 96 ಲಕ್ಷ ಗೊತ್ತು. ನಾಲ್ಕು ವರ್ಷದಲ್ಲಿ ಆಸ್ತಿ ಬೆಳೆದದ್ದು ಎನ್ನುವುದು ಒಂದು ವಿವರಣೆ, ತಲಾ ಪಾಲು 12 ಲಕ್ಷವಲ್ಲ, 10 ಲಕ್ಷ ಎನ್ನುವುದು ಇನ್ನೊಂದು. ನಾನು ಎರಡನೆಯದನ್ನು ಹಿಡಿದೆ. 40 ಲಕ್ಷಕ್ಕೆ ಎಂಟು, 3 ಕೋಟಿ 20 ಲಕ್ಷ; ವಸಿಯ್ಯತ್ 1 ಕೋಟಿ 60 ಲಕ್ಷ; ಸಾಲ 22 ಲಕ್ಷ. ಕೂಡಿದರೆ 5 ಕೋಟಿ 2 ಲಕ್ಷ, ಒಂದು ಬಿಡಿಯೂ ಹೆಚ್ಚುಕಡಿಮೆ ಇಲ್ಲ. ಅರಬಿ ಪಠ್ಯ ನೋಡಿ: ಸಾಲದ ಮೊತ್ತ, ಪತ್ನಿಯರ ಪಾಲು, ಒಟ್ಟು ಆಸ್ತಿ, ಮೂರೂ ‘ಮತ್ತು ಇನ್ನೂರು ಸಾವಿರ’ ಎಂಬ ಒಂದೇ ಬಾಲದಿಂದ ಮುಗಿಯುತ್ತವೆ. ಬಾಯಿಂದ ಬಾಯಿಗೆ ಬರುವಾಗ ಆ ಬಾಲ ನಡುವಿನ ಸಂಖ್ಯೆಗೂ ಅಂಟಿಕೊಂಡಿತು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಪತ್ನಿಯರ ಸಾಲಿಗೆ ಅಸ್ಮಾರನ್ನು ಹಾಕಬೇಡಿ. ಅವರಿಗೂ ಉಮ್ಮು ಕುಲ್ಸೂಮ್‌ಗೂ ಮೊದಲೇ ತಲಾಖ್ ಆಗಿತ್ತು. ನಾಲ್ವರೆಂದರೆ ಉಮ್ಮು ಖಾಲಿದ್, ರಬಾಬ್, ಝೈನಬ್ ಮತ್ತು ಮಕ್ಕಳಿಲ್ಲದ ಆತಿಕಾ ಬಿಂತಿ ಝೈದ್. ತಾಯಿ ಸಫಿಯ್ಯಾ ಉಮರ್‌ರ ಆಡಳಿತದಲ್ಲೇ ತೀರಿದ್ದರಿಂದ ತಾಯಿಯ ಆರನೇ ಒಂದು ಪಾಲು ಬರುವುದಿಲ್ಲ. ಉಳಿದ 2 ಕೋಟಿ 80 ಲಕ್ಷವನ್ನು ಗಂಡಿಗೆ ಎರಡು, ಹೆಣ್ಣಿಗೆ ಒಂದರಂತೆ 27 ಭಾಗ ಮಾಡಿದರೆ ಮಗಳಿಗೆ ಸುಮಾರು 10.37 ಲಕ್ಷ, ಮಗನಿಗೆ 20.74 ಲಕ್ಷ. ವಸಿಯ್ಯತ್ತಿನಲ್ಲಿ ಮತ್ತೆ ಮೂರನೇ ಒಂದು ಅಬ್ದುಲ್ಲಾರ ಮಕ್ಕಳಿಗೆ, ಅಂದರೆ 53 ಲಕ್ಷ ಚಿಲ್ಲರೆ. ಅವರಲ್ಲಿ ಖುಬೈಬ್ ಮತ್ತು ಅಬ್ಬಾದ್ ಆಗಲೇ ತಮ್ಮ ಕೆಲವು ಚಿಕ್ಕಪ್ಪಂದಿರ ವಯಸ್ಸಿನವರು.

ಈ ಮೊತ್ತವನ್ನು ರೂಪಾಯಿಗೆ ತಿರುಗಿಸುವ ಪ್ರಯೋಗ ಮಾಡಿ ಕೈಬಿಟ್ಟೆ. 2.97 ಗ್ರಾಂ ದಿರ್ಹಮ್ ಹಿಡಿದರೆ ಹತ್ತಿರ ಹತ್ತಿರ 149 ಟನ್ ಬೆಳ್ಳಿ ಬರುತ್ತದೆ. ಆದರೆ ಆ ತೂಕ ಖಲೀಫಾ ಅಬ್ದುಲ್ ಮಲಿಕ್ ಹಿಜರಿ 70ರ ದಶಕದಲ್ಲಿ ಗೊತ್ತುಮಾಡಿದ್ದು. ಝುಬೈರ್‌ರ ಕಾಲದಲ್ಲಿ ಓಡಾಡುತ್ತಿದ್ದದ್ದು ಅದಕ್ಕಿಂತ ಭಾರದ ಪರ್ಷಿಯನ್ ಬೆಳ್ಳಿ ನಾಣ್ಯ. ಇದೆಲ್ಲ ನೆಲ, ಮನೆಗಳ ಬೆಲೆಯೇ ಹೊರತು ಕೂಡಿಟ್ಟ ಬೆಳ್ಳಿಯೂ ಅಲ್ಲ.

ಇನ್ನೊಂದು ಪಕ್ಕದ ಪ್ರಯೋಗ ಮಾತ್ರ ಪಟಕ್ಕೆ ಸೇರಿತು. ಮದುವೆಯಾದಾಗ ಝುಬೈರ್‌ರ ಬಳಿ ಇದ್ದದ್ದು ನೀರು ಹೊರುವ ಒಂಟೆ, ಒಂದು ಕುದುರೆ, ಅಷ್ಟೇ. ಅಸ್ಮಾ, ಝುಬೈರ್‌ರಿಗೆ ಆಮೇಲೆ ಸಿಕ್ಕ ಜಮೀನಿನಿಂದ ಖರ್ಜೂರದ ಬೀಜಗಳನ್ನು ತಲೆಯ ಮೇಲೆ ಹೊತ್ತು ತರುತ್ತಿದ್ದರು, ದೂರ ಮೂರನೇ ಎರಡು ಫರ್ಸಖ್, ನಮ್ಮ ಲೆಕ್ಕಕ್ಕೆ ಮೂರೂವರೆ ಕಿಲೋಮೀಟರ್ ಮೇಲೆ. ಬೀಜ ತೂಗಿ ನೋಡಿದೆ: ಒಂದು ಕಿಲೋ ಹಣ್ಣಿಗೆ 100 ಗ್ರಾಂ ಆಸುಪಾಸು. ಹತ್ತು ಕಿಲೋ ಬೀಜದ ಬುಟ್ಟಿಯ ಹಿಂದೆ ಒಂದು ಕ್ವಿಂಟಲ್ ಖರ್ಜೂರ ಇರುತ್ತದೆ. ಆ ಬೀಜವನ್ನು ಕುಟ್ಟಿ ಒಂಟೆಗೆ ಹಾಕಬೇಕು, ಕುಟ್ಟದೆ ಹಾಕಿದರೆ ಪ್ರಯೋಜನ ಕಡಿಮೆ. 16 ಲಕ್ಷದ ಗಾಬಾ ಪಕ್ಕದಲ್ಲೇ ಈ ಬುಟ್ಟಿಯ ಚಿತ್ರ ಇಟ್ಟಿದ್ದೇನೆ. ಈ ಮನೆಯ ಸಿರಿತನದ ಬುಡದಲ್ಲಿ ಅಸ್ಮಾರ ತಲೆಹೊರೆ ಇದೆ, ಅದು ಕಾಣಬೇಕು.

ಇಸವಿಗೆ ಹಿಜರಿಯನ್ನು 622ಕ್ಕೆ ಕೂಡಿಸಬೇಡಿ. ಮೊದಲು 0.97ರಿಂದ ಗುಣಿಸಿ, ಆಮೇಲೆ 622 ಸೇರಿಸಿ: 36ಕ್ಕೆ 656, 73ಕ್ಕೆ 692. ವಯಸ್ಸಿಗೂ ಇದೇ. ಝುಬೈರ್ 64ರಲ್ಲಿ ತೀರಿದರು ಎಂಬುದನ್ನು ಹಿಡಿದರೆ ಹಿಜ್ರಾ ಹೊತ್ತಿಗೆ 28, ಇಸ್ಲಾಮ್ ಸ್ವೀಕರಿಸುವಾಗ 16 ಎಂಬ ವರದಿ ಸರಿಹೊಂದುತ್ತದೆ; 8 ಎಂಬುದು ಹೊಂದುವುದಿಲ್ಲ. ಅಸ್ಮಾ ಹಿಜರಿ 73ರಲ್ಲಿ, ಮಗ ಅಬ್ದುಲ್ಲಾ ಮಕ್ಕಾದಲ್ಲಿ ಕೊಲ್ಲಲ್ಪಟ್ಟ ಕೆಲವೇ ದಿನಗಳಲ್ಲಿ, 100ರ ಪ್ರಾಯದಲ್ಲಿ ತೀರಿದರು ಎನ್ನುತ್ತಾರೆ. ಉರ್ವಾರನ್ನು ಜಮಲ್ ದಿನ ಚಿಕ್ಕವನೆಂದು ಹಿಂದೆ ಕಳಿಸಿದ್ದರಿಂದ ಜನನ 23ರ ಸುಮಾರು, ಆಗ ಅಸ್ಮಾರಿಗೆ 50 ಆಗುತ್ತದೆ. ಆದ್ದರಿಂದ 100 ಎನ್ನುವುದನ್ನು ದುಂಡು ಸಂಖ್ಯೆಯಾಗಿ ಓದಿ, ‘ಸುಮಾರು’ ಎಂದೇ ಬರೆಯಿರಿ.

ಖರ್ಚು. ನಾಲ್ಕು ಅಡಿಗೆ ಆರು ಅಡಿ ಫ್ಲೆಕ್ಸ್ ಮೂರು ಸಲ ಹಾಳಾಯಿತು, ಒಟ್ಟು ಐದಾರು ಸಾವಿರ. ಅರಬಿ ಮತ್ತು ಕನ್ನಡ ಒಂದೇ ಸಾಲಿನಲ್ಲಿದ್ದರೆ ಅಂಕಿ, ಆವರಣಚಿಹ್ನೆ ಎಡಬಲ ಜಿಗಿಯುತ್ತವೆ. ‘36’ರ ಪಕ್ಕದ ‘656’ ಇನ್ನೊಬ್ಬರ ಹೆಸರಿಗೆ ಹೋಗಿ ಕೂತಿತ್ತು. ಎರಡೂ ಲಿಪಿಗೆ ಬೇರೆ ಬೇರೆ ಪೆಟ್ಟಿಗೆ ಮಾಡಿದ ಮೇಲೆ ಸರಿಹೋಯಿತು. ದಪ್ಪ ಆರ್ಟ್ ಕಾಗದದಲ್ಲಿ 300 ಪ್ರತಿಗೆ ಹನ್ನೆರಡು ಸಾವಿರದ ಹತ್ತಿರ, ಎಲ್ಲವೂ ಖರ್ಚಾಗಿವೆ. ತಾಯಂದಿರಿಗೆ ಆರು ಬಣ್ಣ ಸಾಕು, ಆತಿಕಾರಿಗೆ ಬಣ್ಣವಿಲ್ಲದ ಚೌಕ. ಒಂದೇ ಕುನಿಯ (‘ಅಬೂ’, ‘ಉಮ್ಮು’ ಸೇರಿಸಿ ಕರೆಯುವ ಹೆಸರು) ಇರುವವರನ್ನು ಬೇರ್ಪಡಿಸಲು ಬಳಸಿದ ಕೀಲಿ ಮತ್ತು ಬಣ್ಣಗಳ ಕ್ರಮ ಸದ್ಯ ನನ್ನಲ್ಲೇ ಇರಲಿ; ತಲ್ಹಾರ ಮನೆತನದ ಪಟದಲ್ಲಿ ಇನ್ನೊಮ್ಮೆ ಒರೆಗೆ ಹಚ್ಚಿದ ಮೇಲೆ ಹೇಳುತ್ತೇನೆ. ಅಲ್ಲಿ ಮುಹಮ್ಮದ್, ಮೂಸಾ, ಈಸಾ, ಇಸ್ಹಾಕ್, ಯಅಕೂಬ್ ಎಂದು ಪ್ರವಾದಿಗಳ ಹೆಸರು. ಹೆಸರಿನಿಂದ ವರ್ಷ ಸಿಗುವುದಿಲ್ಲ, ತಾಯಂದಿರ ಸಾಲೊಂದೇ ಆಧಾರ.