ಗ್ಯಾರೇಜ್ ನಾವೇ ಕಟ್ಟಿಕೊಂಡಿದ್ದು ಹೀಗೆ

ಗ್ಯಾರೇಜ್ ಕಟ್ಟುವಾಗ ಎಂಟು-ಹತ್ತು ಜನ ನಿಜವಾಗಿ ಬೇಕಾಗುವುದು ಎರಡೇ ಹೊತ್ತಿನಲ್ಲಿ. ಚಾವಣಿಯ ಶೀಟು ಮೇಲೇರಿಸುವಾಗ, ಆಮೇಲೆ ನೆಲಕ್ಕೆ ಕಾಂಕ್ರೀಟ್ ಹಾಕುವಾಗ. ಉಳಿದದ್ದೆಲ್ಲ ಒಬ್ಬಿಬ್ಬರು ಸಾವಕಾಶವಾಗಿ ಮಾಡಿ ಮುಗಿಸುವ ಕೆಲಸ. ಮನೆಯವರನ್ನೂ ಸ್ನೇಹಿತರನ್ನೂ ನಂಬಿ ಕಟ್ಟಲು ಹೊರಟವರು ಮೊದಲು ಈ ಲೆಕ್ಕ ಹಾಕಿಕೊಳ್ಳಬೇಕು. "ಭಾನುವಾರ ಎಲ್ಲರೂ ಬನ್ನಿ, ಗ್ಯಾರೇಜ್ ಕಟ್ಟೋಣ" ಅಂದರೆ ಜನ ಬರುತ್ತಾರೆ. ಬಂದವರಲ್ಲಿ ಇಬ್ಬರು ಬೆವರು ಸುರಿಸುತ್ತಾರೆ, ಮಿಕ್ಕವರು ಸೊಂಟದ ಮೇಲೆ ಕೈಯಿಟ್ಟುಕೊಂಡು ಸಲಹೆ ಕೊಡುತ್ತಾರೆ. ಅವರನ್ನು ದೂರಿ ಪ್ರಯೋಜನವಿಲ್ಲ, ಅವರ ಕೈಗೆ ಕೆಲಸ ಸಿದ್ಧಮಾಡಿ ಇಡಬೇಕಾದವರು ನಾವು.

ನನ್ನ ಪುಣ್ಯಕ್ಕೆ ಚಿಕ್ಕಪ್ಪ ಹಳೇ ಕಾಲದ ಗಾರೆ ಮೇಸ್ತ್ರಿ. ಭಾವನಿಗೆ ವೆಲ್ಡಿಂಗ್ ಬರುತ್ತೆ. ಜೊತೆಯಲ್ಲಿ ಓದಿದ ಗೆಳೆಯನೊಬ್ಬ ಸಿವಿಲ್ ಇಂಜಿನಿಯರ್. ನಾನು ಇವರೆಲ್ಲರ ಕೈಯಾಳು, ಹೆಂಡತಿ ಅಳತೆ ಮತ್ತು ಲೆಕ್ಕದವಳು. ನಕ್ಷೆ ಬರೆದು, ಬೇಲಿಯಿಂದ ಎಷ್ಟು ಅಡಿ ಬಿಡಬೇಕೆಂಬ ನಿಯಮ ನೋಡಿ, ಅನುಮತಿ ಕೈಗೆ ಬಂದ ಮೇಲೆಯೇ ಗುದ್ದಲಿ ಹಿಡಿದೆವು.

ನಕ್ಷೆಯಲ್ಲಿ ನಾವು ಹಟ ಹಿಡಿದ ಸಂಗತಿ ಒಂದೇ: ಎಲ್ಲ ಅಳತೆಯೂ ಬ್ಲಾಕಿನ ಲೆಕ್ಕಕ್ಕೆ ಕೂರಬೇಕು. ಟೊಳ್ಳು ಕಾಂಕ್ರೀಟ್ ಬ್ಲಾಕ್ ಗಾರೆಯ ಸಂದೂ ಸೇರಿ 16 ಇಂಚು ಉದ್ದ, 8 ಇಂಚು ಎತ್ತರ. ಹೊರಗಿನ ಅಗಲ 13 ಅಡಿ 4 ಇಂಚು ಇಟ್ಟರೆ ಸರಿಯಾಗಿ ಹತ್ತು ಬ್ಲಾಕ್, ಉದ್ದ 21 ಅಡಿ 4 ಇಂಚು ಇಟ್ಟರೆ ಹದಿನಾರು. ಎಂಟು ಇಂಚಿನ ಗೋಡೆ ಕಳೆದರೆ ಒಳಗೆ 12 ಅಡಿಗೆ 20 ಅಡಿ ಸಿಗುತ್ತೆ. ಬಾಗಿಲಿಗೆ 9 ಅಡಿ 4 ಇಂಚು ಬಿಟ್ಟೆವು, ಎರಡೂ ಕಡೆ ಒಂದೂವರೆ ಬ್ಲಾಕಿನ ಗೋಡೆ ಉಳಿಯಿತು. ಬಾಗಿಲಿನ ಎತ್ತರ ಬ್ಲಾಕಿನ ಹನ್ನೊಂದು ವರಸೆ (ಸಾಲು), ಅಂದರೆ 7 ಅಡಿ 4 ಇಂಚು. ಕಸುಬಿನವರು ಬ್ಲಾಕನ್ನು ಎಲ್ಲಿ ಬೇಕಾದರೂ ಕತ್ತರಿಸಿ ಕೂರಿಸುತ್ತಾರೆ. ನಮ್ಮಂಥ ಹವ್ಯಾಸಿಗಳಿಗೆ ಗ್ರೈಂಡರ್ ಹಿಡಿದು ಕತ್ತರಿಸುವ ಒಂದೊಂದು ಬ್ಲಾಕೂ ಅರ್ಧ ಗಂಟೆಯ ಧೂಳು. ಒಳಗಿನ ಅಗಲ 12 ಅಡಿಗಿಂತ ಕಡಿಮೆ ಮಾಡಬೇಡಿ ಅಂತಲೂ ಹೇಳುತ್ತೇನೆ. ಕಾರು ಆರು ಅಡಿ ಹಿಡಿದರೆ ಎರಡೂ ಕಡೆ ಮೂರು ಮೂರು ಅಡಿ ಉಳಿಯುತ್ತೆ, ಬಾಗಿಲು ಪೂರ್ತಿ ತೆರೆದು ಇಳಿಯಬಹುದು. ಹತ್ತು ಅಡಿಯ ಗ್ಯಾರೇಜಿನಲ್ಲಿ ಕಾರು ನಿಲ್ಲುತ್ತೆ, ಕಾರಿನಲ್ಲಿದ್ದವರು ಹೊಟ್ಟೆ ಒಳಗೆಳೆದುಕೊಂಡು ಇಳಿಯಬೇಕಾಗುತ್ತೆ.

ದಾರ ಹಿಡಿದು ಗುರುತು ಹಾಕುವ ಕೆಲಸಕ್ಕೆ ಮೂರು ಜನ ಸಾಕು. ಮೂಲೆಯಿಂದ ಒಂದು ಕಡೆ 6 ಅಡಿ, ಇನ್ನೊಂದು ಕಡೆ 8 ಅಡಿ ಗುರುತು ಮಾಡಿ, ಅವೆರಡರ ನಡುವೆ 10 ಅಡಿ ಬಂದರೆ ಮೂಲೆ ನೇರ. ನಾಲ್ಕು ಗೂಟವೂ ಆದ ಮೇಲೆ ಮೂಲೆಯಿಂದ ಮೂಲೆಗೆ ಕರ್ಣ ಅಳೆಯಬೇಕು. ಒಳಗಿನ 12 ಅಡಿ–20 ಅಡಿಗೆ ಕರ್ಣ 23 ಅಡಿ 4 ಇಂಚಿಗೆ ಕೂದಲೆಳೆ ಕಡಿಮೆ. ಎರಡು ಕರ್ಣವೂ ಒಂದೇ ಬರುವ ತನಕ ಹೆಂಡತಿ ಯಾರಿಗೂ ಗುದ್ದಲಿ ಮುಟ್ಟಲು ಬಿಡಲಿಲ್ಲ. ಮಟ್ಟಕ್ಕೆ ನೀರು ತುಂಬಿದ ಪಾರದರ್ಶಕ ಪೈಪಿನ ಟ್ಯೂಬ್ ಲೆವೆಲ್ ಬಳಸಿದೆವು. ಲೇಸರ್‌ಗಿಂತ ನನಗೆ ಅದರ ಮೇಲೇ ನಂಬಿಕೆ ಜಾಸ್ತಿ, ಒಳಗೆ ಗಾಳಿಗುಳ್ಳೆ ಇರಬಾರದು ಅಷ್ಟೇ.

ಪಾಯದ ಬಗ್ಗೆ ಹೆಚ್ಚು ಹೇಳಲಾರೆ, ಅದು ಆಯಾ ಮಣ್ಣಿಗೆ ಬಿಟ್ಟದ್ದು. ಗಟ್ಟಿ ನೆಲ ಸಿಗುವ ತನಕ ಅಗೆಯುವುದು, ಎಷ್ಟು ಆಳ ಎಷ್ಟು ಅಗಲ ಅಂತ ಬಲ್ಲವರ ಕೈಲಿ ನೋಡಿಸುವುದು. ಪಾಯದ ಕಾಂಕ್ರೀಟಿನಲ್ಲೇ ನಾಲ್ಕು ಮೂಲೆಗೆ ಮತ್ತು ಬಾಗಿಲಿನ ಎರಡೂ ಪಕ್ಕಕ್ಕೆ 12 ಮಿ.ಮೀ. ಕಂಬಿ ನಿಲ್ಲಿಸಿದ್ದು ಮಾತ್ರ ನೆನಪಿಟ್ಟುಕೊಳ್ಳಿ, ಅದರ ಕಥೆ ಮುಂದಿದೆ.

ಗೋಡೆ ಏಳುವಾಗ ಒಂದು ಒಪ್ಪಂದ ಮಾಡಿಕೊಂಡೆವು: ಮೂಲೆ ಚಿಕ್ಕಪ್ಪನವರದು, ನಡುವಿನದು ನಮ್ಮದು. ಅವರು ಎರಡು ಮೂಲೆಯಲ್ಲಿ ನಾಲ್ಕೈದು ವರಸೆ ಮೆಟ್ಟಿಲಿನ ಹಾಗೆ ಏರಿಸಿ, ತೂಗುಗುಂಡು ಬಿಟ್ಟು, ರಸಮಟ್ಟ ಇಟ್ಟು ಸರಿಮಾಡಿ ಕೊಡುತ್ತಿದ್ದರು. ಆ ಮೂಲೆಯಿಂದ ಈ ಮೂಲೆಗೆ ದಾರ ಕಟ್ಟಿದರೆ ನಡುವೆ ಬ್ಲಾಕ್ ತುಂಬುವುದನ್ನು ಯಾರು ಬೇಕಾದರೂ ಕಲಿಯಬಹುದು. ಬ್ಲಾಕ್ ದಾರಕ್ಕೆ ತಾಗಬಾರದು, ನಡುವೆ ಉಗುರು ತೂರುವಷ್ಟು ಬೆಳಕು ಕಾಣಬೇಕು. ಒಂದು ಬ್ಲಾಕ್ ದಾರವನ್ನು ತಳ್ಳಿದರೆ ಮುಂದಿನದೆಲ್ಲ ಅದರ ಹಿಂದೆ ಹೊಟ್ಟೆ ಬಿಟ್ಟುಕೊಂಡು ಹೋಗುತ್ತೆ. ಟೊಳ್ಳು ಬ್ಲಾಕಿಗೆ ಮೇಲು ಕೆಳಗು ಇದೆ ಅಂತ ನನಗೆ ಗೊತ್ತಾಗಿದ್ದೂ ಆಗಲೇ. ಅಂಚು ದಪ್ಪ ಇರುವ ಕಡೆ ಮೇಲೆ ಬಂದರೆ ಗಾರೆ ನಿಲ್ಲಲು ಜಾಗ ಹೆಚ್ಚು.

ಸುಟ್ಟ ಇಟ್ಟಿಗೆಯನ್ನು ನೆನೆಸಿ ಕಟ್ಟುತ್ತಾರೆ, ಕಾಂಕ್ರೀಟ್ ಬ್ಲಾಕನ್ನು ನೆನೆಸಬಾರದು. ನೆನೆದ ಬ್ಲಾಕ್ ಗೋಡೆ ಸೇರಿದ ಮೇಲೆ ಒಣಗುತ್ತಾ ಕುಗ್ಗುತ್ತೆ, ಸಂದಿಯಲ್ಲಿ ಬಿರುಕು ಬಿಡುತ್ತೆ. ಪೈಪ್ ಹಿಡಿದು ಬ್ಲಾಕಿನ ರಾಶಿಗೆ ನೀರು ಬಿಡಲು ಹೊರಟ ಭಾವನನ್ನು ಚಿಕ್ಕಪ್ಪ ತಡೆದರು: "ಅದು ಇಟ್ಟಿಗೆ ಅಲ್ಲಪ್ಪ, ಮೈ ಒರೆಸಿದರೆ ಸಾಕು." ದಿನಕ್ಕೆ ನಾಲ್ಕು ಅಡಿಗಿಂತ ಮೇಲೆ ಏರಿಸಲೂ ಅವರು ಬಿಡುತ್ತಿರಲಿಲ್ಲ. ಹಸಿ ಗಾರೆ ಮೇಲಿನ ಭಾರಕ್ಕೆ ಕುಸಿದು ಗೋಡೆ ಓರೆಯಾಗುತ್ತೆ.

ಈಗ ಆ ಕಂಬಿಗೆ ಬರುತ್ತೇನೆ. ತಗಡಿನ ಚಾವಣಿ ಅಂದರೆ ಎಲ್ಲರೂ ಅದು ಕೆಳಗೆ ಬೀಳದ ಹಾಗೆ ಯೋಚಿಸುತ್ತಾರೆ. ಅದು ಮೇಲಕ್ಕೆ ಹಾರದ ಹಾಗೆ ಯೋಚಿಸಬೇಕು. ಗೆಳೆಯ ಕಾಗದದ ಮೇಲೆ ಲೆಕ್ಕ ತೋರಿಸಿದ: ಗಾಳಿಯ ವೇಗವನ್ನು ಸೆಕೆಂಡಿಗೆ ಇಷ್ಟು ಮೀಟರ್ ಅಂತ ಹಿಡಿದು, ಅದರ ವರ್ಗವನ್ನು 0.6ರಿಂದ ಗುಣಿಸಿದರೆ ಚದರ ಮೀಟರಿಗೆ ನ್ಯೂಟನ್ ಲೆಕ್ಕದಲ್ಲಿ ಒತ್ತಡ ಬರುತ್ತೆ. ಸೆಕೆಂಡಿಗೆ 40 ಮೀಟರ್ ಬಿರುಗಾಳಿಗೆ ಅದು 960. ಅಂದರೆ ಚದರ ಮೀಟರಿಗೆ ಹತ್ತಿರ ಹತ್ತಿರ 98 ಕೆ.ಜಿ. ಅಷ್ಟೇ ಜಾಗದ ಅರ್ಧ ಮಿ.ಮೀ. ತಗಡಿನ ತೂಕ ಸುಮಾರು 5 ಕೆ.ಜಿ. ಬಾಗಿಲು ತೆರೆದಿದ್ದಾಗ ಗಾಳಿ ಒಳನುಗ್ಗಿ ಕೆಳಗಿನಿಂದ ನೂಕುತ್ತೆ, ಮೇಲೆ ಹಾದುಹೋಗುವ ಗಾಳಿ ಮೇಲಕ್ಕೆ ಎಳೆಯುತ್ತೆ. ಆದ್ದರಿಂದ ತಗಡು ತನ್ನನ್ನು ಹೊರುವ ಅಡ್ಡ ಕಬ್ಬಿಣದ ಕೊಳವೆಗೆ, ಅಂದರೆ ಪರ್ಲಿನ್‌ಗೆ, ಪರ್ಲಿನ್ ಗೋಡೆಯ ಮೇಲಿನ ಕಾಂಕ್ರೀಟ್ ಪಟ್ಟಿಗೆ, ಪಟ್ಟಿ ಕಂಬಿಯ ಮೂಲಕ ಪಾಯಕ್ಕೆ, ಹೀಗೆ ಸರಪಳಿ ಎಲ್ಲೂ ಕಡಿಯಬಾರದು. ಕಂಬಿ ಹಾದುಹೋಗುವ ಬ್ಲಾಕಿನ ಟೊಳ್ಳಿಗೆ ಕೆಲವು ವರಸೆಗೊಮ್ಮೆ ಸಣ್ಣ ಜಲ್ಲಿಯ ಕಾಂಕ್ರೀಟ್ ತುಂಬಿ ಕಂಬಿಯಿಂದಲೇ ಕುಟ್ಟುತ್ತಾ ಬಂದೆವು. ಮೇಲಿನ ಪಟ್ಟಿ ಹಾಕುವಾಗ ಪರ್ಲಿನ್ ಕೂರುವ ಜಾಗದಲ್ಲೆಲ್ಲ ಬೋಲ್ಟ್ ಹೂತಿಟ್ಟೆವು. ಇಡೀ ಗ್ಯಾರೇಜಿನಲ್ಲಿ ನನಗೆ ಹೆಮ್ಮೆ ಇರುವುದು ಯಾರ ಕಣ್ಣಿಗೂ ಬೀಳದ ಈ ಕೆಲಸದ ಮೇಲೆ.

ಚಾವಣಿ ಒಂದೇ ಇಳಿಜಾರು. ಮುಂದೆ ಎತ್ತರ, ಹಿಂದಕ್ಕೆ 20 ಇಂಚು ಇಳಿಕೆ. ಮಳೆನೀರು ಬಾಗಿಲ ಮುಂದೆ ಸುರಿಯುವುದಿಲ್ಲ, ಮುಂದಿನ ಎತ್ತರದಲ್ಲಿ ರೋಲಿಂಗ್ ಶಟರ್ ಸುತ್ತಿಕೊಳ್ಳಲೂ ಜಾಗ ಆಗುತ್ತೆ. ಪರ್ಲಿನ್‌ಗಳನ್ನು ಭಾವ ನೆಲದ ಮೇಲೇ ಕತ್ತರಿಸಿ, ವೆಲ್ಡ್ ಮಾಡಿ, ಬಣ್ಣ ಹೊಡೆದು ಮುಗಿಸಿದ. ಜಿಂಕ್ ಲೇಪನದ ಕೊಳವೆಯನ್ನು ವೆಲ್ಡ್ ಮಾಡುವಾಗ ಏಳುವ ಬಿಳಿ ಹೊಗೆ ಕುಡಿದರೆ ಸಂಜೆಗೆ ಚಳಿಜ್ವರ ಗ್ಯಾರಂಟಿ. ಹಾಗಾಗಿ ಆ ಕೆಲಸ ಬಯಲಿನಲ್ಲಿ, ಗಾಳಿಗೆ ಬೆನ್ನು ಕೊಡದೆ ಪಕ್ಕಕ್ಕೆ ನಿಂತು, ಲೇಪನ ಉಜ್ಜಿ ತೆಗೆದ ಮೇಲೆ. ವೆಲ್ಡಿಂಗ್ ನೋಡಲು ಬರುವ ಮಕ್ಕಳನ್ನು ಓಡಿಸುವುದಕ್ಕೇ ಒಬ್ಬರು ಬೇಕು.

ಶೀಟು ಏರಿಸುವ ದಿನ ಎಲ್ಲರನ್ನೂ ಕರೆದೆ. ಒಂದೊಂದು ಶೀಟು ಸುಮಾರು 23 ಅಡಿ ಉದ್ದ, ನಡುವೆ ಜೋಡಣೆ ಬೇಡವೆಂದು ಉದ್ದಕ್ಕೇ ಹೇಳಿ ಮಾಡಿಸಿದ್ದು. ತೂಕ 35 ಕೆ.ಜಿ. ಆಸುಪಾಸು, ಇಬ್ಬರು ಎತ್ತಬಹುದು. ಆದರೆ ನಡುವೆ ಹಿಡಿಯುವವರಿಲ್ಲದಿದ್ದರೆ ಮಡಚಿಕೊಳ್ಳುತ್ತೆ, ಮಡಚಿದ ಗೆರೆ ಮತ್ತೆ ನೆಟ್ಟಗಾಗುವುದಿಲ್ಲ. ಅಡ್ಡಡ್ಡ ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ ಹೊರಬೇಕು. ಗೋಡೆಗೆ ಎರಡು ಉದ್ದನೆಯ ಮರ ಓರೆಯಾಗಿ ಒರಗಿಸಿ, ಹಗ್ಗ ಕಟ್ಟಿ, ಕೆಳಗಿನವರು ಜಾರಿಸಿ ನೂಕಿದರು, ಮೇಲಿನವರು ಎಳೆದುಕೊಂಡರು. ಗಾಳಿ ಇಲ್ಲದ ಬೆಳಗಿನ ಹೊತ್ತೇ ಇದಕ್ಕೆ ಸರಿ. ಗಾಳಿ ಎದ್ದರೆ ಶೀಟು ಹಿಡಿದವರು ಹಾಯಿ ಹಿಡಿದವರಾಗುತ್ತಾರೆ, ಆಗ ಮುಲಾಜಿಲ್ಲದೆ ಕೆಲಸ ನಿಲ್ಲಿಸಬೇಕು.

ಸ್ಕ್ರೂ ಉಬ್ಬಿಗೆ ಹೊಡೆಯಬೇಕೋ ತಗ್ಗಿಗೋ ಅಂತ ಮೇಲೆ ಹತ್ತಿದವರಲ್ಲೇ ಜಗಳ. ತಗ್ಗಿನಲ್ಲಿ ಹೊಡೆದರೆ ಬಿಗಿ ಚೆನ್ನಾಗಿ ಬರುತ್ತೆ ಅನ್ನುವುದು ನಿಜ, ಆದರೆ ನೀರು ಹರಿಯುವುದೂ ಅಲ್ಲೇ. ನಾವು ಉಬ್ಬಿಗೇ ಹೊಡೆದೆವು. ರಬ್ಬರ್ ವಾಷರ್ ಅಂಚಿನಲ್ಲಿ ತುಸು ಉಬ್ಬುವಷ್ಟು ಬಿಗಿದರೆ ಸಾಕು, ಇನ್ನೂ ತಿರುಗಿಸಿದರೆ ವಾಷರ್ ಹಿಸುಕಿ ಹೋಗಿ ಸೋರಿಕೆಗೆ ದಾರಿ. ಡ್ರಿಲ್ಲಿನಿಂದ ಬಿದ್ದ ಕಬ್ಬಿಣದ ಚೂರನ್ನು ಅವತ್ತೇ ಸಂಜೆ ಮೆತ್ತನೆ ಪೊರಕೆಯಿಂದ ಗುಡಿಸಿ. ಇಬ್ಬನಿ ಬಿದ್ದರೆ ಒಂದೊಂದು ಚೂರೂ ಬಣ್ಣದ ಮೇಲೆ ತುಕ್ಕಿನ ಚುಕ್ಕಿ ಬಿಡುತ್ತೆ. ಶೀಟನ್ನು ಗ್ರೈಂಡರ್‌ನಲ್ಲಿ ಕತ್ತರಿಸಬೇಡಿ, ಕಿಡಿಗೆ ಲೇಪನ ಸುಟ್ಟುಹೋಗುತ್ತೆ. ತಗಡಿನ ಕತ್ತರಿ ನಿಧಾನ, ಆದರೆ ಅದೇ ಸರಿ.

ನೆಲ ಮೊದಲು ಹಾಕಿ ಗೋಡೆ ಆಮೇಲೆ ಅನ್ನುವವರಿದ್ದಾರೆ. ನಾವು ಚಾವಣಿ ಮುಗಿದ ಮೇಲೆ ನೆಲ ಹಾಕಿದೆವು. ನೆರಳಿರುತ್ತೆ, ಮಳೆಯ ಹೆದರಿಕೆ ಇರುವುದಿಲ್ಲ, ಹಸಿ ನೆಲದ ಮೇಲೆ ಏಣಿ ಎಳೆದಾಡುವುದು ತಪ್ಪುತ್ತೆ. ಮಣ್ಣನ್ನು ಪದರ ಪದರವಾಗಿ ನೀರು ಹಾಕಿ ದಿಮ್ಮಿಸಿ, ಅದರ ಮೇಲೆ ಜಲ್ಲಿ, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ, ಗೋಡೆಯ ಸುತ್ತ ತೆಳು ಥರ್ಮೋಕೋಲ್ ಪಟ್ಟಿ. ನೆಲದ ಅಡಿ ಹೋಗಬೇಕಾದ ಪೈಪುಗಳನ್ನೆಲ್ಲ ಆಗಲೇ ಹಾಕಿಬಿಡಬೇಕು.

12 ಅಡಿ, 20 ಅಡಿ, 5 ಇಂಚು ದಪ್ಪ ಅಂದರೆ ನೂರು ಘನ ಅಡಿ ಕಾಂಕ್ರೀಟ್. ಕೇಳಲು ಏನೂ ಅನಿಸುವುದಿಲ್ಲ, ತೂಗಿದರೆ ಏಳು ಟನ್ನಿಗೆ ಸ್ವಲ್ಪ ಕಡಿಮೆ. ಅಷ್ಟೂ ಒಂದೇ ಸಲಕ್ಕೆ ಬೀಳಬೇಕು. 1:1½:3 ಅಳತೆಗೆ ಸಿಮೆಂಟ್ 23 ಚೀಲದ ಹತ್ತಿರ. ಬಾಂಡ್ಲಿ ಲೆಕ್ಕ ನಂಬಬೇಡಿ, ಒಬ್ಬನ ಬಾಂಡ್ಲಿ ಗೋಪುರ, ಇನ್ನೊಬ್ಬನದು ಬಯಲು. ಒಂದು ಚೀಲ ಸಿಮೆಂಟ್ ಒಂದೂಕಾಲು ಘನ ಅಡಿ, ಅಷ್ಟು ಹಿಡಿಯುವ ತಳವಿಲ್ಲದ ಮರದ ಪೆಟ್ಟಿಗೆ ಮೊದಲೇ ಮಾಡಿಟ್ಟಿದ್ದೆ. ಚೀಲಕ್ಕೆ ಮರಳು ಒಂದೂವರೆ ಪೆಟ್ಟಿಗೆ, ಜಲ್ಲಿ ಮೂರು. ಮರಳು ಹಸಿಯಿದ್ದರೆ ಉಬ್ಬಿರುತ್ತೆ, ಕಾಲು ಭಾಗದಷ್ಟು ಹೆಚ್ಚು ಜಾಗ ಹಿಡಿಯುವುದೂ ಉಂಟು, ಅದಕ್ಕೆ ತಕ್ಕಂತೆ ಪೆಟ್ಟಿಗೆ ತುಂಬಬೇಕು. ನೀರು ಚೀಲಕ್ಕೆ 25 ಲೀಟರ್, ಮರಳಿನ ತೇವ ಅದರಲ್ಲೇ ಕಳೆಯಬೇಕು.

ಜನರನ್ನು ಹೆಸರು ಹಿಡಿದು ನಿಲ್ಲಿಸಿದೆ. ಪೆಟ್ಟಿಗೆಗೆ ಇಬ್ಬರು, ಬಾಡಿಗೆ ಮಿಕ್ಸರ್‌ಗೆ ಒಬ್ಬ, ತಳ್ಳುಗಾಡಿಗೆ ಇಬ್ಬರು, ಒಳಗೆ ಸಲಿಕೆ ಹಿಡಿಯಲು ಇಬ್ಬರು, ಮಟ್ಟಗೋಲು ಎಳೆಯಲು ಚಿಕ್ಕಪ್ಪ ಮತ್ತು ನಾನು. ನೀರಿನ ಬಕೆಟ್ ಹೆಂಡತಿಯ ಕೈಲಿ, ಅದನ್ನು ಬೇರೆ ಯಾರೂ ಮುಟ್ಟುವಂತಿಲ್ಲ. ಕಾಂಕ್ರೀಟ್ ಗಟ್ಟಿ ಅನಿಸಿದ ಕೂಡಲೇ ಸಲಿಕೆ ಹಿಡಿದವರು "ಇನ್ನೊಂದು ಚೂರು ನೀರು" ಅಂತ ಕೂಗುತ್ತಾರೆ. ಚಿಕ್ಕಪ್ಪ ತಲೆ ಎತ್ತದೆ ಹೇಳಿದರು: "ನೀರು ಹಾಕಿದಷ್ಟೂ ನಿಮ್ಮ ಕೈಗೆ ಸುಖ ಕಣ್ರೋ, ನೆಲಕ್ಕೆ ರೋಗ." ಹಿಂದಿನ ಗೋಡೆಯಿಂದ ಶುರುಮಾಡಿ ಬಾಗಿಲ ಕಡೆ ಬಂದೆವು, ಬಾಗಿಲ ಕಡೆಗೆ ಎರಡೂವರೆ ಇಂಚು ಇಳಿಜಾರು. ಎಲ್ಲರಿಗೂ ಗಮ್‌ಬೂಟು, ರಬ್ಬರ್ ಕೈಗವಸು. ಹಸಿ ಸಿಮೆಂಟ್ ಚರ್ಮ ಸುಡುತ್ತೆ, ಆ ಕ್ಷಣಕ್ಕೆ ಗೊತ್ತಾಗುವುದಿಲ್ಲ, ರಾತ್ರಿ ಗೊತ್ತಾಗುತ್ತೆ.

ಮಟ್ಟ ಎಳೆದ ಮೇಲೆ ಮೇಲಕ್ಕೆ ನೀರು ಒಸರುತ್ತೆ. ಅದು ಆರುವ ಮುಂಚೆ ಕರಣೆ ಆಡಿಸಿದರೆ ಮೇಲ್ಪದರ ಮುಂದೆ ಪುಡಿಪುಡಿಯಾಗಿ ಏಳುತ್ತೆ. ಒಣ ಸಿಮೆಂಟ್ ಉದುರಿಸಿ ನೀರು ಹೀರಿಸುವುದು ಅದಕ್ಕಿಂತ ಕೆಟ್ಟದ್ದು. ಕಾಯಬೇಕು. ಈ ಹೊತ್ತಿಗೆ ಬಂದವರು ಮನೆಗೆ ಹೋಗಿರುತ್ತಾರೆ, ಉಳಿಯುವುದು ಇಬ್ಬರೇ. ಮಾರನೇ ದಿನ ಹತ್ತು ಅಡಿಗೆ ಅಡ್ಡಲಾಗಿ ಒಂದೂಕಾಲು ಇಂಚು ಆಳದ ಗೀರು ಕತ್ತರಿಸಿದೆವು. ಕಾಂಕ್ರೀಟ್ ಹೇಗೂ ಬಿರುಕು ಬಿಡುತ್ತೆ, ಎಲ್ಲಿ ಬಿಡಬೇಕೆಂದು ನಾವು ಹೇಳಿದ ಹಾಗಾಯಿತು. ಆಮೇಲೆ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಿದ್ದು. ಸಾದಾ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟಿಗೆ 10 ದಿನ. ಕಾರು ಒಳಗೆ ಹೋಗಿದ್ದು 28 ದಿನ ಕಳೆದ ಮೇಲೆ.

ಶಟರ್ ಮಾತ್ರ ಕಸುಬಿನವರಿಗೇ ಬಿಟ್ಟೆವು. ಅದರ ಸ್ಪ್ರಿಂಗ್ ಬಿಗಿದಿಡುವ ಕೆಲಸದಲ್ಲಿ ಕೈ ತಪ್ಪಿದರೆ ಮೂಳೆ ಮುರಿಯುತ್ತೆ. ಕರೆಂಟೂ ಹಾಗೆಯೇ, ಪೈಪ್ ಕೂರಿಸುವವರೆಗೆ ನಾವು, ವೈರಿಂಗ್ ಮತ್ತು ಅರ್ಥಿಂಗ್ ಲೈಸೆನ್ಸ್ ಇರುವವರು. ಗ್ಯಾರೇಜಿಗೆ ಬೇರೆಯೇ ಎಂಸಿಬಿ (ಕರೆಂಟ್ ಮಿತಿಮೀರಿದರೆ ತಾನೇ ಆರುವ ಸ್ವಿಚ್ಚು), ಕರೆಂಟ್ ಸೋರಿದರೆ ತಾನೇ ಆರುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ, ಪ್ಲಗ್ಗುಗಳು ನೆಲದಿಂದ ನಾಲ್ಕು ಅಡಿ ಮೇಲೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಕೆಳಗೇ ಕೂರುತ್ತೆ, ಕಿಡಿ ಹಾರುವ ಸ್ವಿಚ್ಚು ಅಲ್ಲಿರಬಾರದು. ಇದೇ ಕಾರಣಕ್ಕೆ ಹಿಂದಿನ ಗೋಡೆಯಲ್ಲಿ ಜಾಲರಿಯ ಕಿಂಡಿಗಳನ್ನು ನೆಲಮಟ್ಟದಲ್ಲೂ ಮೇಲೂ ಬಿಟ್ಟಿದ್ದೇವೆ. ಕಿಂಡಿ ಇದೆ ಅಂತ ಬಾಗಿಲು ಮುಚ್ಚಿ ಇಂಜಿನ್ ಓಡಿಸುವುದು ಬೇಡವೇ ಬೇಡ, ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ ವಾಸನೆಯೂ ಇಲ್ಲ.

ನೆಲದಡಿ ಒಂದು ದಪ್ಪ ಪೈಪು ಖಾಲಿಯಾಗಿಯೇ ಇದೆ, ಒಳಗೆ ಎಳೆಯಲು ತಂತಿ ಬಿಟ್ಟಿದ್ದೇನೆ. ಮುಂದೆ ಎಲೆಕ್ಟ್ರಿಕ್ ಕಾರು ತಂದರೆ ಚಾರ್ಜರ್‌ನ ಕೇಬಲ್ ಅದರಲ್ಲೇ ಹೋಗುತ್ತೆ, ನೆಲ ಒಡೆಯುವ ಪ್ರಸಂಗ ಬರುವುದಿಲ್ಲ. ಮರದ ಪೆಟ್ಟಿಗೆಯನ್ನೂ ಟ್ಯೂಬ್ ಲೆವೆಲನ್ನೂ ಭಾವ ಒಯ್ದಿದ್ದಾನೆ, ಅವನ ಮನೆಯ ಹಿತ್ತಲಿನಲ್ಲಿ ಶೆಡ್ಡಿನ ಗುರುತು ಹಾಕುವ ಕೆಲಸ ಶುರುವಾಗಿದೆ.